ಜ್ವರ ಬಂದವರ ಕ್ಯೋಟೊ

ಕ್ಯೋಟೊದ ಅತಿ ದೊಡ್ಡ ಹಬ್ಬ ಹುಟ್ಟಿದ್ದು ಹೆದರಿಕೆಯಿಂದ. 869ರಲ್ಲಿ ಸಾಂಕ್ರಾಮಿಕ ರೋಗ ಹರಡಿದಾಗ, ಆಗಿನ ಪ್ರಾಂತ್ಯಕ್ಕೊಂದರಂತೆ 66 ಈಟಿಗಂಬಗಳನ್ನು ನೆಟ್ಟು, ರೋಗ ತರುವ ಶಕ್ತಿಗಳನ್ನೇ ಪೂಜಿಸಿ ಸಮಾಧಾನಪಡಿಸಿದರು. ಕೊಡುವವಳೂ ಮಾರಿ, ಕಾಯುವವಳೂ ಮಾರಿ ಎಂದು ನಂಬಿದ ನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಆ ಪೂಜೆಯೇ ಬೆಳೆದು ಜುಲೈ ತಿಂಗಳಿಡೀ ನಡೆಯುವ ಗಿಯೋನ್ ಹಬ್ಬವಾಯಿತು. ತೇರು ನೋಡಲು ಬಂದ ಊರಿನವರು ಬಿದಿರೆಲೆಯ ‘ಚಿಮಾಕಿ’ಯನ್ನು ಕೊಂಡೊಯ್ದು ಬಾಗಿಲಿಗೆ ಕಟ್ಟುತ್ತಾರೆ. ಅದು ತಿನ್ನುವುದಕ್ಕಲ್ಲ, ರೋಗ ಒಳಗೆ ಬಾರದಿರಲಿ ಎಂದು.

ಪ್ರವಾಸದ ನಡುವೆ ಕಾಯಿಲೆ ಬೀಳಲೇಬೇಕೆಂದಿದ್ದರೆ ಇದಕ್ಕಿಂತ ತಕ್ಕ ಊರು ಸಿಗಲಿಕ್ಕಿಲ್ಲ. ಆದರೆ ಟೂರ್ ಪಟ್ಟಿಗಳಿಗೆ ಅದು ಗೊತ್ತಿಲ್ಲ. ಬೆಳಿಗ್ಗೆ ಫುಶಿಮಿ ಇನಾರಿಯ ಬೆಟ್ಟ, ಮಧ್ಯಾಹ್ನ ಕಿಯೊಮಿಝು ದೇವಾಲಯದ ಏರುದಾರಿ, ಸಂಜೆ ಅರಾಶಿಯಾಮದ ಬಿದಿರು ಮೆಳೆ, ನಡುವೆ ಕಾಲಿಡಲು ಜಾಗವಿಲ್ಲದ ಸಿಟಿ ಬಸ್ಸು. ಗಟ್ಟಿಮುಟ್ಟಾದವರೂ ಎರಡನೇ ದಿನಕ್ಕೆ ಸುಸ್ತು. ಮೂರು ಕಡೆ ಬೆಟ್ಟವಿರುವ ಈ ಊರಲ್ಲಿ ಬೇಸಿಗೆಯ ಧಗೆ ಅಲ್ಲಾಡದೆ ನಿಲ್ಲುತ್ತದೆ. 2018ರ ಜುಲೈನಲ್ಲಿ ಪಾದರಸ 39.8 ಡಿಗ್ರಿ ಮುಟ್ಟಿತ್ತು.

ಜ್ವರ ಬಂದ ದಿನ ಮಾಡಬೇಕಾದ ಕೆಲಸ ಒಂದೇ, ಮಲಗುವುದು. ಅಲ್ಲಿನ ಥರ್ಮಾಮೀಟರ್ ಕಂಕುಳಲ್ಲಿಟ್ಟು ನೋಡುವಂಥದ್ದು, ಲೆಕ್ಕ ಸೆಲ್ಸಿಯಸ್‌ನಲ್ಲಿ. ‘ನೂರು ದಾಟಿದೆ’ ಎನ್ನುವ ನಮ್ಮ ಮಾತು ಯಾರಿಗೂ ಅರ್ಥವಾಗದು. 37.5 ಎಂದರೆ ಅವರಿಗೆ ಜ್ವರ, ನಮ್ಮ ಲೆಕ್ಕದಲ್ಲಿ 99.5.

ಜ್ವರದಲ್ಲಿ ಕುಡಿಯಲು ಬೀದಿ ಬೀದಿಯ ಯಂತ್ರಗಳಲ್ಲಿ ಸಿಗುವ ನೀಲಿ ಬಾಟಲಿಯ ಪಾನೀಯ ಪೊಕಾರಿ ಸ್ವೆಟ್ ಕೂಡ ಕಾಯಿಲೆ ಬಿದ್ದ ಪ್ರವಾಸಿಯೊಬ್ಬನಿಂದ ಬಂದದ್ದು. ಒತ್ಸುಕಾ ಔಷಧ ಕಂಪನಿಯ ನೌಕರನೊಬ್ಬ ಮೆಕ್ಸಿಕೊಗೆ ಹೋದಾಗ ಹೊಟ್ಟೆ ಕೆಟ್ಟು ಆಸ್ಪತ್ರೆ ಸೇರಿದನಂತೆ. ದಣಿದ ವೈದ್ಯರು ಡ್ರಿಪ್‌ಗೆ ಬಳಸುವ ದ್ರವವನ್ನು ಕುಡಿಯುವುದನ್ನು ಕಂಡು, ಕುಡಿಯಲೆಂದೇ ಅಂಥದ್ದೊಂದನ್ನು ಏಕೆ ಮಾಡಬಾರದು ಎಂಬ ಆಲೋಚನೆ ಹುಟ್ಟಿತು ಎನ್ನುವುದು ಕಂಪನಿ ಹೇಳುವ ಕಥೆ. 1980ರಲ್ಲಿ ಅದು ಮಾರುಕಟ್ಟೆಗೆ ಬಂತು.

ಊಟದ ಚಿಂತೆ ಕನ್ನಡಿಗರಿಗೆ ಇನ್ನೂ ಕಡಿಮೆ. ಜಪಾನಿನಲ್ಲೂ ಜ್ವರಕ್ಕೆ ಗಂಜಿಯೇ. ‘ಒಕಾಯು’ ಎಂಬ ಈ ಅನ್ನದ ಗಂಜಿ ಅಂಗಡಿಯಲ್ಲಿ ಪೊಟ್ಟಣದಲ್ಲೇ ಸಿಗುತ್ತದೆ, ಬಿಸಿ ಮಾಡಿದರೆ ಆಯಿತು. ನೆಂಚಿಕೊಳ್ಳಲು ಉಪ್ಪಲ್ಲಿ ಹಾಕಿದ ಹುಳಿಹಣ್ಣು, ಉಮೆಬೊಶಿ. ಸಸ್ಯಾಹಾರಿಗಳು ಬರಿಯ ಅಕ್ಕಿ-ನೀರಿನ ‘ಶಿರಗಾಯು’ ಕೇಳಿ ತೆಗೆದುಕೊಳ್ಳುವುದು ಒಳ್ಳೆಯದು. ಸಾರು ಎಂದು ಕಂಡದ್ದರಲ್ಲೆಲ್ಲ ಒಣಮೀನಿನ ರಸ ಸೇರಿರುವುದೇ ಹೆಚ್ಚು, ಕೆಲವು ಉಮೆಬೊಶಿಯಲ್ಲೂ.

ಔಷಧದ ವಿಷಯದಲ್ಲಿ ಮಾತ್ರ ಊರು ಬಿಡುವ ಮೊದಲೇ ಎಚ್ಚರ ಬೇಕು. ಸ್ಯೂಡೋಎಫೆಡ್ರಿನ್ ಶೇ. 10ಕ್ಕಿಂತ ಹೆಚ್ಚಿರುವ ನೆಗಡಿ ಮಾತ್ರೆ ಜಪಾನಿಗೆ ನಿಷಿದ್ಧ. ಕೊಡೀನ್ ಇರುವ ಕೆಮ್ಮಿನ ಸಿರಪ್ ಒಯ್ಯುವ ಮುನ್ನವೂ ವಿಚಾರಿಸಬೇಕು. ವೈದ್ಯರು ಬರೆದುಕೊಟ್ಟ ಮಾತ್ರೆಗಳನ್ನು ಒಂದು ತಿಂಗಳಿಗಾಗುವಷ್ಟು ಒಯ್ಯಬಹುದು, ಹೆಚ್ಚಿದ್ದರೆ ಮುಂಗಡ ಅನುಮತಿ ಪತ್ರ ಬೇಕು.

ಸಣ್ಣ ಜ್ವರಕ್ಕೆ ದೊಡ್ಡ ಆಸ್ಪತ್ರೆಗೆ ಓಡಿದರೆ, ಶಿಫಾರಸು ಪತ್ರವಿಲ್ಲವೆಂದು ಹೆಚ್ಚುವರಿ ಶುಲ್ಕ ಬೀಳಬಹುದು. ಓಣಿಯ ಕ್ಲಿನಿಕ್ ಸಾಕು. ಅಲ್ಲಿ ಕೊಟ್ಟ ಚೀಟಿ ನಾಲ್ಕು ದಿನವಷ್ಟೇ ನಡೆಯುತ್ತದೆ, ಔಷಧ ಬೇರೆ ಅಂಗಡಿಯಲ್ಲಿ. ಭಾಷೆ ತೊಡಕಾದರೆ ಜಪಾನ್ ಪ್ರವಾಸೋದ್ಯಮ ಸಂಸ್ಥೆಯ ಸಹಾಯವಾಣಿ 050-3816-2787ಕ್ಕೆ ಯಾವ ಹೊತ್ತಿನಲ್ಲಾದರೂ ಇಂಗ್ಲಿಷಿನಲ್ಲಿ ಮಾತನಾಡಬಹುದು. ಆಂಬುಲೆನ್ಸ್‌ಗೆ 119; ಅದಕ್ಕೆ ದುಡ್ಡಿಲ್ಲ. ಚಿಕಿತ್ಸೆಗೆ ಇದೆ, ಅದೂ ಪೂರ್ತಿ. 2 ಲಕ್ಷ ಯೆನ್‌ಗೂ ಮೇಲ್ಪಟ್ಟ ಬಾಕಿ ಉಳಿಸಿ ಹೋದವರ ಹೆಸರನ್ನು ವಲಸೆ ಇಲಾಖೆಗೆ ತಿಳಿಸುವ ಏರ್ಪಾಡು 2021ರಲ್ಲಿ ಶುರುವಾಯಿತು. ಅಂಥವರನ್ನು ಮುಂದಿನ ಸಲ ವಿಮಾನ ನಿಲ್ದಾಣದಿಂದಲೇ ವಾಪಸು ಕಳಿಸಬಹುದು. ಪ್ರವಾಸ ವಿಮೆಯ ಕಂತು ದಂಡ ಎನ್ನುವವರು ಇದನ್ನು ಇನ್ನೊಮ್ಮೆ ಓದಿಕೊಳ್ಳಲಿ.

ಜ್ವರ ಇಳಿದು ಕಾಲಲ್ಲಿ ಇನ್ನೂ ಬಲ ಬಾರದ ದಿನಗಳಿಗೆ ಮೊದಲ ಜಾಗ ಸಂಜೂಸಾನ್‌ಗೆನ್‌ದೊ ದೇವಾಲಯ. ಕೇಹಾನ್ ರೈಲಿನ ಶಿಚಿಜೊ ನಿಲ್ದಾಣದಿಂದ ಸಮತಟ್ಟಾದ ಸ್ವಲ್ಪ ದೂರದ ನಡಿಗೆ, ಹತ್ತುವ ಬೆಟ್ಟವಿಲ್ಲ. ಸುಮಾರು 120 ಮೀಟರ್ ಉದ್ದದ, ಮರದಿಂದ ಕಟ್ಟಿದ ಒಂದೇ ಸಭಾಂಗಣ, ಒಳಗೆ ಸಾವಿರ ಕೈಗಳ ಕನ್ನೊನ್, ಅಂದರೆ ಅವಲೋಕಿತೇಶ್ವರನ 1,001 ಮೂರ್ತಿಗಳು. ಇಲ್ಲಿನ ಮೊದಲ ಸಭಾಂಗಣವನ್ನು 1164ರಲ್ಲಿ ಕಟ್ಟಿಸಿದ ಮಾಜಿ ಚಕ್ರವರ್ತಿ ಗೊ-ಶಿರಕಾವಾಗೆ ತೀರದ ತಲೆನೋವು. ಹಿಂದಿನ ಜನ್ಮದಲ್ಲಿ ಆತ ಸನ್ಯಾಸಿ. ಆ ಸನ್ಯಾಸಿಯ ತಲೆಬುರುಡೆ ಹೊಳೆಯ ತಳದಲ್ಲಿ ಬಿದ್ದಿತ್ತು, ಅದನ್ನು ಸೀಳಿಕೊಂಡು ಮೇಲೆದ್ದ ವಿಲೋ ಮರ ಗಾಳಿಗೆ ತೂಗಿದಾಗಲೆಲ್ಲ ಇತ್ತ ತಲೆ ಸಿಡಿಯುತ್ತಿತ್ತು ಎಂಬ ಐತಿಹ್ಯವಿದೆ. ಮರ ಕಡಿಸಿ ಆ ಸಭಾಂಗಣಕ್ಕೆ ತೊಲೆ ಮಾಡಿಸಿದ ಮೇಲೆ ನೋವು ಹೋಯಿತಂತೆ. ಈಗಲೂ ಜನವರಿಯಲ್ಲಿ ವಿಲೋ ರೆಂಬೆಯಿಂದ ಭಕ್ತರ ತಲೆಯ ಮೇಲೆ ನೀರು ಚಿಮುಕಿಸುತ್ತಾರೆ, ತಲೆನೋವು ಬಾರದಿರಲೆಂದು. ಮೂರ್ತಿಗಳ ಮುಂದೆ ನಿಂತ 28 ಕಾವಲು ದೇವತೆಗಳಲ್ಲಿ ಹಲವರು ಭಾರತದಿಂದ ಹೋದವರು. ಅವರಲ್ಲಿ ಗರುಡನೂ ಇದ್ದಾನೆ, ವಿಷ್ಣುವನ್ನು ಹೊರುವ ಕೆಲಸ ಬಿಟ್ಟು ಕೊಳಲು ಊದುತ್ತ. ಒಳಗೆ ಫೋಟೊ ತೆಗೆಯುವಂತಿಲ್ಲ, ಹಾಗಾಗಿ ನೂಕುನುಗ್ಗಲು ಬೇಗ ಸರಿಯುತ್ತದೆ.

ಬಯಲು ಬೇಕೆನಿಸಿದರೆ ಹಳೆಯ ಅರಮನೆ ಸುತ್ತಲಿನ ಗ್ಯೊಯೆನ್ ಉದ್ಯಾನವಿದೆ. ಸುಮಾರು 65 ಹೆಕ್ಟೇರ್, ಸಮತಟ್ಟು, ಟಿಕೆಟ್ ಇಲ್ಲ. ಅಗಲವಾದ ದಾರಿಗಳ ದಪ್ಪ ಜಲ್ಲಿ ಮಾತ್ರ ಕಾಲು ಸೋಲಿಸುತ್ತದೆ. ಸೈಕಲ್ಲಿನವರು ಓಡಾಡಿ ಗಟ್ಟಿಯಾಗಿಸಿದ ಸಣ್ಣ ಗೀರಿನ ಮೇಲೆ ನಡೆದರೆ ಸಲೀಸು. ಕಾಮೊ ನದಿಯ ದಂಡೆಯೂ ಹತ್ತಿರ. ದೆಮಚಿಯನಗಿಯಲ್ಲಿ ಆಮೆಯಾಕಾರದ ಕಲ್ಲುಗಳ ಮೇಲೆ ಮಕ್ಕಳು ಹೊಳೆ ದಾಟುವುದನ್ನು ದಡದಲ್ಲೇ ಕೂತು ನೋಡಬಹುದು.

ದಕ್ಷಿಣಕ್ಕೆ ಬಂದರೆ ನಿಜೊ ಬೀದಿ, ಹಿಂದೆ ಔಷಧ ವ್ಯಾಪಾರಿಗಳ ಕೇರಿ. ಅವರು ಪೂಜಿಸುವ ಪುಟ್ಟ ಗುಡಿಯಲ್ಲಿ ಜಪಾನಿನ ವೈದ್ಯ ದೇವತೆಗಳ ಜೊತೆ ಚೀನಾದ ಶೆನ್‌ನಾಂಗ್ ಮತ್ತು ಗ್ರೀಸಿನ ಹಿಪೊಕ್ರೆಟಿಸ್ ಕೂಡ ಇದ್ದಾರೆ. ಯಾರ ಮದ್ದು ಯಾವಾಗ ತಾಗೀತೋ ಎಂಬ ವ್ಯಾಪಾರಿಗಳ ಜಾಣತನ.

ಬಾಯಿರುಚಿ ಮರಳಿದ ಮೇಲೆ ಇಮಾಮಿಯಾ ದೇಗುಲದತ್ತ ಹೊರಡಬಹುದು. ಇದೂ ರೋಗ ಶಮನಕ್ಕೆಂದೇ ಕಟ್ಟಿದ್ದು. ಏಪ್ರಿಲ್‌ನಲ್ಲಿ ಹೂ ಮುಡಿಸಿದ ದೊಡ್ಡ ಕೊಡೆಯ ಮೆರವಣಿಗೆ ಬರುತ್ತದೆ; ಅದರಡಿ ನುಸುಳಿದವರಿಗೆ ವರ್ಷವಿಡೀ ಕಾಯಿಲೆಯಿಲ್ಲ ಎಂಬ ನಂಬಿಕೆ. ಪಕ್ಕದಲ್ಲೇ ಎದುರುಬದುರಾಗಿ ಎರಡು ಅಂಗಡಿಗಳು. ಎರಡರಲ್ಲೂ ಮಾರುವುದು ಒಂದೇ ತಿಂಡಿ: ಅಕ್ಕಿಯ ಮೋಚಿಯ ಚಿಕ್ಕ ಚೂರುಗಳನ್ನು ಕಡ್ಡಿಗೆ ಚುಚ್ಚಿ, ಕೆಂಡದಲ್ಲಿ ಸುಟ್ಟು, ಸಿಹಿಯಾದ ಬಿಳಿ ಮಿಸೊ ಎಂಬ ಸೋಯಾ ಗೊಜ್ಜು ಸುರಿದ ‘ಅಬುರಿ ಮೋಚಿ’. ಇಚಿವಾ ಎಂಬ ಅಂಗಡಿ 1000ನೇ ಇಸವಿಯಿಂದ ಇದೇ ಕೆಲಸ ಮಾಡಿಕೊಂಡು ಬಂದಿದೆ ಎನ್ನುತ್ತಾರೆ. ಇದನ್ನು ತಿಂದರೂ ರೋಗ ಬಾರದಂತೆ. ಬುಧವಾರ ಮಾತ್ರ ಹೋಗಬೇಡಿ, ಸಾಮಾನ್ಯವಾಗಿ ಅಂದು ರಜೆ.