ತರಿ ಜಮೀನಿನಲ್ಲಿಯೂ ಕೆರೆಯಂಗಳದಲ್ಲಿಯೂ ಸಾರಜನಕದ ಅತಿಬಳಕೆ

ಬತ್ತದ ಪೈರಿಗೆ ಸಾರಜನಕವು ಅತ್ಯಾವಶ್ಯಕವೆಂಬುದನ್ನು ಅರಿಯದ ರೈತರಿಲ್ಲ. ಆದರೆ ಗದ್ದೆಗೆ ಹಾಕಿದ ಸಾರಜನಕವೆಲ್ಲವೂ ಪೈರಿಗೆ ಸೇರುವುದೆಂಬ ನಂಬಿಕೆಯು ಸರಿಯಲ್ಲ. ನಿಂತ ನೀರಿನ ಮೇಲೆ ಎರಚಿದ ಯೂರಿಯಾ ಗೊಬ್ಬರದ ಸಾರಜನಕದಲ್ಲಿ ಆ ಬೆಳೆಗೆ ದಕ್ಕುವುದು ಸಾಮಾನ್ಯವಾಗಿ ನೂರಕ್ಕೆ 30ರಿಂದ 40 ಪಾಲು ಮಾತ್ರ. ಸ್ವಲ್ಪ ಭಾಗವು ಮಣ್ಣಿನಲ್ಲಿ ಉಳಿಯುವುದು. ಮಿಕ್ಕದ್ದು ಗಾಳಿಗೂ ನೀರಿಗೂ ಪಾಲಾಗುವುದು. 45 ಕಿಲೋಗ್ರಾಮಿನ ಚೀಲವೊಂದರಲ್ಲಿ ಸುಮಾರು 20 ಕಿಲೋಗ್ರಾಂ ಸಾರಜನಕವಿರುವುದರಿಂದ, ನಷ್ಟವೆಷ್ಟೆಂಬುದನ್ನು ಪ್ರತಿಯೊಬ್ಬ ಹಿಡುವಳಿದಾರರೂ ತಾವೇ ಲೆಕ್ಕ ಹಾಕಿಕೊಳ್ಳಬಹುದು.

ಮಣ್ಣಿನ ಸೂಕ್ಷ್ಮಜೀವಿಗಳು

ಕಣ್ಣಿಗೆ ಕಾಣದ ಜೀವಿಗಳು ಒಂದು ಗ್ರಾಂ ಮಣ್ಣಿನಲ್ಲಿಯೇ ಕೋಟಿಗಟ್ಟಲೆ ಇರುವುವು. ಗದ್ದೆಗೆ ನೀರು ಕಟ್ಟಿದ ಮೇಲೆ ಮಣ್ಣಿನೊಳಗಿನ ಆಮ್ಲಜನಕವನ್ನು ಇವು ಬೇಗನೆ ಮುಗಿಸಿಬಿಡುವುವು. ಆಗ ಮಣ್ಣು ಎರಡು ಪದರಗಳಾಗುವುದು. ನೀರಿಗೆ ತಾಗಿದ ತೆಳುವಾದ ಮೇಲ್ಪದರದಲ್ಲಿ ಆಮ್ಲಜನಕವುಂಟು. ಅದರ ಕೆಳಗಿನ ಕೆಸರಿನಲ್ಲಿ ಇಲ್ಲ.

ಮೇಲ್ಪದರದ ಒಂದು ಬಗೆಯ ಜೀವಿಗಳು ಅಮೋನಿಯಾವನ್ನು ನೈಟ್ರೇಟಾಗಿ ಮಾರ್ಪಡಿಸುವುವು. ಅಮೋನಿಯಾ ರೂಪದ ಸಾರಜನಕವನ್ನು ಜೇಡಿಯು ಹಿಡಿದಿಟ್ಟುಕೊಳ್ಳುವುದು, ನೈಟ್ರೇಟನ್ನು ಹಿಡಿಯಲಾರದು. ಆದುದರಿಂದ ನೈಟ್ರೇಟು ನೀರಿನೊಡನೆ ಕೆಳಗಿಳಿಯುವುದು. ಅಲ್ಲಿ ಬೇರೊಂದು ಬಗೆಯ ಜೀವಿಗಳು ಅದರಲ್ಲಿರುವ ಆಮ್ಲಜನಕವನ್ನು ಉಸಿರಾಟಕ್ಕೆ ತೆಗೆದುಕೊಂಡು, ಸಾರಜನಕವನ್ನು ಅನಿಲವಾಗಿ ಬಿಟ್ಟುಬಿಡುವುವು. ರೈತರು ಹಣ ಕೊಟ್ಟು ತಂದ ಗೊಬ್ಬರವು ಹೀಗೆ ಗಾಳಿಗೆ ಹಿಂದಿರುಗುವುದು. ಗದ್ದೆಯನ್ನು ಒಣಗಿಸಿ ಬಿರುಕು ಬಿಡಿಸಿ ಪುನಃ ನೀರು ಕಟ್ಟಿದರೆ ಈ ನಷ್ಟವು ಹೆಚ್ಚುವುದು.

ಅತಿಯಾದಾಗ ಆಗುವ ಕೇಡು

ಗದ್ದೆಯ ನೀರಿನಲ್ಲಿ ಬೆಳೆಯುವ ನೀಲಿಹಸುರು ಪಾಚಿಯು ಗಾಳಿಯ ಸಾರಜನಕವನ್ನು ಹಿಡಿದು ಮಣ್ಣಿಗೆ ಸೇರಿಸುವುದೆಂದು, ಬಂಗಾಳದ ಗದ್ದೆಗಳ ಮಣ್ಣನ್ನು ಪರೀಕ್ಷಿಸಿ ಪಿ. ಕೆ. ಡೇ ಅವರು 1939ರಲ್ಲಿ ತೋರಿಸಿಕೊಟ್ಟರು. ಯೂರಿಯಾ ಹೆಚ್ಚಾದರೆ ಪಾಚಿಯು ಆ ಸಾರಜನಕವನ್ನೇ ತಿಂದು ಬೆಳೆಯುವುದೇ ಹೊರತು ಗಾಳಿಯದನ್ನು ಹಿಡಿಯುವ ಕೆಲಸವನ್ನು ನಿಲ್ಲಿಸುವುದು. ಹೀಗೆ ಬಿಟ್ಟಿಯಾಗಿ ಬರುತ್ತಿದ್ದ ಗೊಬ್ಬರವು ನಿಂತು, ಮುಂದಿನ ವರ್ಷ ಇನ್ನೂ ಒಂದು ಚೀಲ ಬೇಕೆನಿಸುವುದು. ಪೈರು ಕಪ್ಪುಹಸುರಾಗಿ ಸೊಕ್ಕಿ, ಬೆಂಕಿ ರೋಗಕ್ಕೆ ಈಡಾಗಿ, ತೆನೆ ಕಟ್ಟುವಾಗ ನೆಲಕ್ಕೊರಗುವುದು.

ಇದಲ್ಲದೆ, ನೈಟ್ರೇಟು ಮಿತಿಮೀರಿದಾಗ ಕೆಸರಿನ ಜೀವಿಗಳು ತಮ್ಮ ಕೆಲಸವನ್ನು ಪೂರ್ತಿಮಾಡದೆ ನೈಟ್ರಸ್ ಆಕ್ಸೈಡ್ ಎಂಬ ಅನಿಲವನ್ನು ಹೆಚ್ಚಾಗಿ ಹೊರಬಿಡುವುವು. ಇದು ಭೂಮಿಯ ತಾಪವನ್ನು ಹೆಚ್ಚಿಸುವುದರಲ್ಲಿ, ನೂರು ವರ್ಷದ ಲೆಕ್ಕಕ್ಕೆ, ಇಂಗಾಲಾಮ್ಲಕ್ಕಿಂತ ಸುಮಾರು 270 ಪಾಲು ಬಲವಾದದ್ದು.

ಕೆರೆಯ ಸ್ಥಿತಿ

ಕೆರೆಯಂಗಳದ ಕೆಸರಿನಲ್ಲಿಯೂ ಇವೇ ಜೀವಿಗಳಿದ್ದು, ಹರಿದುಬಂದ ಸಾರಜನಕವನ್ನು ಮಿತವಾಗಿರುವವರೆಗೆ ಗಾಳಿಗೆ ಬಿಟ್ಟು ನೀರನ್ನು ಶುದ್ಧಿಮಾಡುವುವು. ಮಿತಿ ಮೀರಿದರೆ ಪಾಚಿಯೂ ಅಂತರಗಂಗೆ ಮುಂತಾದ ತೇಲುಗಿಡಗಳೂ ದಟ್ಟವಾಗಿ ಬೆಳೆದು, ಕೊಳೆತು, ನೀರಿನ ಆಮ್ಲಜನಕವನ್ನೆಲ್ಲಾ ಹೀರುವುವು. ಆಮ್ಲಜನಕವಿಲ್ಲದೆ ನೈಟ್ರೇಟು ಮಾಡುವ ಜೀವಿಗಳು ಕೆಲಸ ನಿಲ್ಲಿಸುವುವು. ಅಮೋನಿಯಾ ಕೂಡಿಬಿದ್ದು ಮೀನುಗಳು ಸಾಯುವುವು. ನಗರದ ಚರಂಡಿ ನೀರು ತುಂಬಿ, ತೇಲುಗಿಡ ಹಬ್ಬಿ, 2015ರಲ್ಲಿ ನೊರೆಗೂ ಬೆಂಕಿಗೂ ಈಡಾದ ಬೆಂಗಳೂರಿನ ಬೆಳ್ಳಂದೂರು ಕೆರೆಯು, ಕೊಳೆಯು ಮಿತಿಮೀರಿದರೆ ಕೆರೆಯ ಗತಿಯೇನಾಗುವುದೆಂಬುದಕ್ಕೆ ನಿದರ್ಶನವಾಗಿದೆ.

ನೈಟ್ರೇಟು ಬಾವಿಗೆ ಇಳಿದರೆ ಅಪಾಯವು ಇನ್ನೂ ಹೆಚ್ಚು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. ಮೀರಿದ ನೀರಿನಿಂದ ಹಸುಗೂಸುಗಳ ರಕ್ತವು ಆಮ್ಲಜನಕವನ್ನು ಸಾಗಿಸುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವುದುಂಟು. ನೀರನ್ನು ಕಾಯಿಸುವುದರಿಂದ ನೈಟ್ರೇಟು ಹೋಗುವುದಿಲ್ಲ.

ಅನುಸರಿಸತಕ್ಕ ಕ್ರಮಗಳು

1. ಮಣ್ಣನ್ನು ಪರೀಕ್ಷೆ ಮಾಡಿಸಿ, ಬೇಕಾದಷ್ಟು ಗೊಬ್ಬರವನ್ನು ಮಾತ್ರ ಹಾಕಬೇಕು.

2. ಒಂದೇ ಸಾರಿ ಹಾಕದೆ ನಾಟಿ, ತೆಂಡೆ ಒಡೆಯುವ ಕಾಲ, ತೆನೆ ಮೂಡುವ ಕಾಲ ಎಂದು ಎರಡು ಮೂರು ಕಂತುಗಳಲ್ಲಿ ಕೊಡಬೇಕು.

3. ನಿಂತ ನೀರನ್ನು ತೆಗೆದು, ಗೊಬ್ಬರವನ್ನು ಕೆಸರಿನೊಳಕ್ಕೆ ಬೆರೆಸಿ, ಅನಂತರ ನೀರು ಕಟ್ಟಬೇಕು. ಹಾಕಿದ ಕೂಡಲೆ ಗದ್ದೆಯ ನೀರನ್ನು ಹೊರಬಿಡಬಾರದು.

4. ನೈಟ್ರೇಟು ರೂಪದ ಗೊಬ್ಬರಗಳು ನೀರು ನಿಂತ ಗದ್ದೆಗೆ ತಕ್ಕವಲ್ಲ. ಬೇವಿನೆಣ್ಣೆ ಲೇಪಿಸಿದ ಯೂರಿಯಾ ನಿಧಾನವಾಗಿ ನೈಟ್ರೇಟಾಗುವುದರಿಂದ ನಷ್ಟವು ಕಡಮೆ.

5. ಹೊಂಗೆ ಸೊಪ್ಪು, ಸೆಣಬು, ಡಯಂಚ ಮುಂತಾದ ಹಸುರೆಲೆ ಗೊಬ್ಬರವನ್ನು ತುಳಿದಲ್ಲಿ ಅದಕ್ಕೆ ತಕ್ಕಷ್ಟು ಯೂರಿಯಾವನ್ನು ಕಡಮೆಮಾಡಬೇಕು.

6. ಕೆರೆಗೆ ನೀರು ಬರುವ ಕಾಲುವೆಯ ಬಳಿ ತಿಪ್ಪೆ ಹಾಕಬಾರದು. ಊರಿನ ಚರಂಡಿಯನ್ನು ಕೆರೆಗೆ ತಿರುಗಿಸಬಾರದು. ನೀರು ಒಳಬರುವ ಕಡೆ ಜೊಂಡನ್ನು ಪೂರ್ತಿಯಾಗಿ ಕಿತ್ತುಹಾಕದೆ ಸ್ವಲ್ಪ ಭಾಗವನ್ನು ಉಳಿಸಬೇಕು.

ಇವುಗಳಲ್ಲಿ ಮೊದಲಿನ ಐದು ಕ್ರಮಗಳು ಆಯಾ ಹಿಡುವಳಿದಾರರ ಕೈಯಲ್ಲಿರುವುವು. ಕಡೆಯದು ಊರೊಟ್ಟಿನ ಕೆಲಸ. ಮೇಲಿನ ಗದ್ದೆಯವರು ಬಿಟ್ಟದ್ದನ್ನು ಕೆಳಗಿನ ಕೆರೆಯವರು ಕುಡಿಯಬೇಕಾಗುವುದರಿಂದ, ಗ್ರಾಮದ ಯಜಮಾನರು ಅಚ್ಚುಕಟ್ಟಿನವರನ್ನೆಲ್ಲಾ ಸೇರಿಸಿ ಮಳೆಗಾಲಕ್ಕೆ ಮುಂಚೆಯೇ ಏರ್ಪಾಡು ಮಾಡಿಕೊಳ್ಳುವುದು ಉಚಿತ.