ಟ್ರಾಕ್ಟರಿನ ಡೀಸೆಲ್ ಫಿಲ್ಟರ್: ಗುರುತಿಸುವುದು, ಬದಲಿಸುವುದು



ಕಡಿದ ಕಬ್ಬು 24 ಗಂಟೆಯೊಳಗೆ ಕಾರ್ಖಾನೆ ಸೇರಬೇಕೆಂದು ಪ್ರತಿ ಹಂಗಾಮಿನಲ್ಲೂ ಹೇಳುತ್ತೇವೆ. ತಡವಾದಷ್ಟೂ ತೂಕ ಇಳಿಯುತ್ತದೆ, ಸಕ್ಕರೆ ಅಂಶ ಕುಗ್ಗುತ್ತದೆ. ಆದರೆ ತುಂಬಿದ ಟ್ರೈಲರ್ ರಾಯಕೋಟೆ ಕಡೆಯ ಏರಿನಲ್ಲಿ ಅರ್ಧ ದಿನ ನಿಂತರೆ ಮಾಡುವುದೇನು? ಹೀಗೆ ನಿಂತ ಗಾಡಿಗಳಲ್ಲಿ ನಾನು ಹಲವು ಸಲ ಕಂಡ ಕಾರಣ, ಕಟ್ಟಿಕೊಂಡ ಡೀಸೆಲ್ ಫಿಲ್ಟರ್.

ಫಿಲ್ಟರ್ ಏಕೆ ಬೇಕು?

ಇಂಧನ ಪಂಪಿನ ಪ್ಲಂಜರಿಗೂ ಅದರ ಕೊಳವೆಗೂ ನಡುವಿನ ಸಂದು ಕೆಲವೇ ಮೈಕ್ರಾನ್. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಕಣ್ಣಿಗೆ ಕಾಣದ ಧೂಳೂ ಅಲ್ಲಿ ಗೀರು ಹಾಕುತ್ತದೆ. ಫಿಲ್ಟರಿನ ಬೆಲೆ ಅಲ್ಪ. ಪಂಪು, ನಾಜಲುಗಳ ರಿಪೇರಿ ಅದರ ಎಷ್ಟೋ ಪಟ್ಟು.

ಗುರುತಿಸುವುದು ಹೇಗೆ?

ಖಾಲಿ ಓಡುವಾಗ ಎಂಜಿನ್ ಸರಿಯಾಗಿದ್ದು, ಭಾರ ಬಿದ್ದೊಡನೆ ಸೊರಗುತ್ತದೆ. ಬೆಳಿಗ್ಗೆ ಸುಲಭವಾಗಿ ಸ್ಟಾರ್ಟ್ ಆಗುವುದಿಲ್ಲ. ಕಪ್ಪು ಹೊಗೆ ಹೆಚ್ಚಾಗಿದ್ದರೆ ಮೊದಲು ಏರ್ ಫಿಲ್ಟರ್ ನೋಡಿ. ಇಲ್ಲದಿದ್ದರೆ ಎಂಜಿನ್ ನಿಲ್ಲಿಸಿ, ಫಿಲ್ಟರಿಗೆ ಬರುವ ಪೈಪನ್ನು ಸಡಿಲಿಸಿ ಕೈಪಂಪು ಒತ್ತಿ. ಅಲ್ಲಿ ಡೀಸೆಲ್ ರಭಸವಾಗಿ ಬಂದು, ಫಿಲ್ಟರಿನಿಂದ ಹೊರಡುವ ಪೈಪಿನಲ್ಲಿ ತೊಟ್ಟಿಕ್ಕಿದರೆ ದೋಷ ಫಿಲ್ಟರಿನದು. ಬರುವ ಕಡೆಯೇ ಕಡಿಮೆಯಿದ್ದರೆ ಟ್ಯಾಂಕಿನ ನಲ್ಲಿ, ಜಾಲರಿ, ಪೈಪು ಪರೀಕ್ಷಿಸಿ.

ಬದಲಿಸುವ ಕ್ರಮ

1. ಎಂಜಿನ್ ತಣ್ಣಗಾದ ಮೇಲೆ ಟ್ಯಾಂಕಿನ ನಲ್ಲಿ ಮುಚ್ಚಿ. ಫಿಲ್ಟರಿನ ಹೊರಮೈ ಒರೆಸಿ.
2. ನಡುವಿನ ಬೋಲ್ಟು ಬಿಚ್ಚಿ, ಬಟ್ಟಲನ್ನು ಶುದ್ಧ ಡೀಸೆಲಿನಲ್ಲಿ ತೊಳೆಯಿರಿ.
3. ಹೊಸ ಫಿಲ್ಟರನ್ನು ಹೊಸ ವಾಷರಿನೊಡನೆ ಕೂಡಿಸಿ. ಕಾಗದದ ಫಿಲ್ಟರನ್ನು ತೊಳೆದು ಮತ್ತೆ ಹಾಕಬೇಡಿ.
4. ನಲ್ಲಿ ತೆರೆದು, ಗಾಳಿ ಬಿಡುವ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಲ್ಲುವವರೆಗೆ ಕೈಪಂಪು ಒತ್ತಿ ಬಿಗಿಮಾಡಿ. ಇಂಧನ ಪಂಪಿನ ಸ್ಕ್ರೂನಲ್ಲೂ ಹೀಗೆಯೇ ಗಾಳಿ ತೆಗೆಯಿರಿ.
5. ಎಂಜಿನ್ ಓಡಿಸಿ, ಸೋರಿಕೆ ಇದೆಯೇ ನೋಡಿ.

ಎಚ್ಚರಿಕೆ

ತುರ್ತಿನಲ್ಲೂ ಫಿಲ್ಟರ್ ತೆಗೆದು ಗಾಡಿ ಓಡಿಸಬೇಡಿ. ಕಾಮನ್ ರೈಲ್ ಎಂಜಿನ್ನಿನ ಅಧಿಕ ಒತ್ತಡದ ಪೈಪುಗಳನ್ನು ನೀವಾಗಿ ಸಡಿಲಿಸಲೇಬೇಡಿ. ಅಲ್ಲಿ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಬಲ್ಲದು.

ಹೊಸೂರಿನ ಚಳಿಗಾಲದಲ್ಲಿ ಅರೆಖಾಲಿ ಟ್ಯಾಂಕಿನೊಳಗೆ ರಾತ್ರಿ ನೀರು ಹನಿಗಟ್ಟುತ್ತದೆ. ಆದ್ದರಿಂದ ಸಂಜೆಯೇ ಟ್ಯಾಂಕ್ ತುಂಬಿಸಿ, ಫಿಲ್ಟರಿನ ತಳದ ನೀರನ್ನು ಆಗಾಗ ಬಿಡಿ. ಕೈಪಿಡಿಯಲ್ಲಿ ಹೇಳಿದ ಗಂಟೆಗಳ ಲೆಕ್ಕವನ್ನು ಬರೆದಿಡಿ. ಧೂಳಿನ ದಾರಿಯಲ್ಲಿ ಅದಕ್ಕೂ ಮುಂಚೆ ಬದಲಿಸಿ. ಕಟಾವಿನ ಆದೇಶ ಕೈಸೇರುವ ಮುನ್ನ ಒಂದು ಹೊಸ ಫಿಲ್ಟರ್ ನಿಮ್ಮ ಗಾಡಿಯ ಪೆಟ್ಟಿಗೆಯಲ್ಲಿರಲಿ.