ಗೌರೀಹೂವಿನ ಗುರುತು

ಮಂಡಗದ್ದೆಯ ಕಡೆಯ ಬೇಲಿಗಳಲ್ಲಿಯೂ ಕಾಡಂಚಿನಲ್ಲಿಯೂ ಭಾದ್ರಪದದ ಗೌರೀಹಬ್ಬದ ವೇಳೆಗೆ ಉರಿಯಂತೆ ಅರಳುವ ಬಳ್ಳಿಯೊಂದುಂಟು. ಅದೇ ಗೌರೀಹೂ, ಅಗ್ನಿಶಿಖೆ. ಬಣ್ಣವೊಂದನ್ನೇ ನಂಬಿ ನಾವಿದನ್ನು ಗುರುತಿಸಲಾಗದು. ಮೊದಲು ಹಳದಿಯಾಗಿದ್ದುದು ಬರಬರುತ್ತ ಕೆಂಪಾಗುವುದು. ಎಲೆಯನ್ನು ನೋಡೋಣ. ಅದರ ತುದಿಯೇ ಸುರುಳಿಗೊಂಡು ಕುಡಿಬಳ್ಳಿಯಂತೆ ಆಸರೆಯನ್ನು ಹಿಡಿಯುವುದು. ಹೂವು ತಲೆ ತಗ್ಗಿಸಿದ್ದರೂ ಅಲೆಯಲೆಯಾದ ಅಂಚುಳ್ಳ ಆರು ಎಸಳುಗಳು ಮೇಲಕ್ಕೆ ಮಡಿಚಿರುವುವು. ಆರು ಕೇಸರಗಳು ಸುತ್ತಲೂ ಚಾಚಿರುವುವು. ಶಲಾಕೆಯಾದರೋ ಬುಡದಲ್ಲಿಯೇ ಥಟ್ಟನೆ ಅಡ್ಡಕ್ಕೆ ಬಾಗಿರುವುದು. ಇಷ್ಟು ಕಂಡರೆ ಸಂದೇಹವಿಲ್ಲ.

ಮಳೆಗಾಲ ಕಳೆದಮೇಲೆ ಬಳ್ಳಿಯು ಒಣಗಿ, ಗೆಡ್ಡೆ ಮಾತ್ರ ನೆಲದಲ್ಲುಳಿಯುವುದು. ಅದು ನೇಗಿಲಿನಂತಿರುವುದರಿಂದಲೇ ಸಂಸ್ಕೃತದಲ್ಲಿ ಲಾಂಗಲಿಯೆಂಬ ಹೆಸರು. ಅದರಲ್ಲಿ ಕಾಲ್ಚಿಸಿನ್ ಎಂಬ ಘೋರವಿಷವಿದೆ; ಗೆಣಸೆಂದು ಬೇಯಿಸಿ ತಿಂದವರು ಸತ್ತುದುಂಟು. ಆ ಕಾಲಕ್ಕೆ ಗುರುತು ಹೇಳಲು ಹೂವೂ ಇಲ್ಲ, ಎಲೆಯೂ ಇಲ್ಲ. ಆದುದರಿಂದ ಹೂವಿರುವಾಗಲೇ ಆ ಸ್ಥಳವನ್ನು ಮನೆಯವರಿಗೆಲ್ಲ ತೋರಿಸಿಡತಕ್ಕದ್ದು.